ತುಲಾಧಾರನ ತಕ್ಕಡಿ, ಗೃಹಿಣಿಯ ಒಲೆ



ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮಾಚಾರ್ಯರು ಧರ್ಮರಾಜನಿಗೆ ಹೇಳುವ ಆಖ್ಯಾನಗಳಲ್ಲಿ ಜಾಜಲಿ ಎಂಬ ತಪಸ್ವಿಯ ಕಥೆಯೂ ಒಂದು. ಮರದ ಮೋಟಿನಂತೆ ಅಲುಗದೆ ನಿಂತು ತಪಸ್ಸು ಮಾಡುತ್ತಿದ್ದ ಆತನ ಜಟೆಯಲ್ಲಿ ಹಕ್ಕಿಗಳೆರಡು ಗೂಡು ಕಟ್ಟಿದವು. ಅವು ಮೊಟ್ಟೆಯಿಟ್ಟು, ಮರಿ ಮಾಡಿ, ಆ ಮರಿಗಳು ರೆಕ್ಕೆ ಬಲಿತು ಹಾರಿಹೋಗುವವರೆಗೂ ಆತನು ಕದಲಲಿಲ್ಲ. ಆಮೇಲೆ ಆತನ ಮನಸ್ಸಿನಲ್ಲಿ ಹೆಮ್ಮೆ ಮೂಡಿತು. ಧರ್ಮವನ್ನು ತಾನು ಗೆದ್ದೆನೆಂದುಕೊಂಡನು. ಆಗ ಅಶರೀರವಾಣಿಯೊಂದು ಕೇಳಿಸಿತು. ವಾರಾಣಸಿಯಲ್ಲಿ ತುಲಾಧಾರನೆಂಬವನಿದ್ದಾನೆ, ಧರ್ಮದಲ್ಲಿ ನೀನು ಅವನಿಗೆ ಸಮನಲ್ಲ, ಆದರೂ ಅವನು ನಿನ್ನಂತೆ ಹೇಳಿಕೊಳ್ಳುವವನಲ್ಲ ಎಂದು ಅದು ನುಡಿಯಿತು.

ಜಾಜಲಿಯು ಬಹುದೂರ ನಡೆದು ವಾರಾಣಸಿಗೆ ಬಂದನು. ಅಲ್ಲಿ ಕಂಡದ್ದೇನು? ತುಲಾಧಾರನು ಗುಹೆಯಲ್ಲಿಯೂ ಇರಲಿಲ್ಲ, ಹೋಮಕುಂಡದ ಮುಂದೆಯೂ ಇರಲಿಲ್ಲ. ಅಂಗಡಿಯಲ್ಲಿ ಕುಳಿತು ಸರಕು ಮಾರುತ್ತಿದ್ದನು. ಬಂದವನನ್ನು ನೋಡಿದೊಡನೆ ಎದ್ದು ಸ್ವಾಗತಿಸಿ, ಜಟೆಯ ಹಕ್ಕಿಗಳ ಸಂಗತಿಯನ್ನೂ ಹೆಮ್ಮೆಯ ಸಂಗತಿಯನ್ನೂ ತಾನೇ ಹೇಳಿಬಿಟ್ಟನು. ಈ ಜ್ಞಾನ ನಿನಗೆಲ್ಲಿಂದ ಬಂತೆಂದು ಋಷಿಯು ಕೇಳಲು, ಆತನು ತನ್ನ ವ್ಯಾಪಾರದ ಕ್ರಮವನ್ನೇ ವಿವರಿಸಿದನು. ಅವನ ತಕ್ಕಡಿ ಎಲ್ಲರಿಗೂ ಒಂದೇ. ಗಂಧದ್ರವ್ಯಗಳನ್ನು, ಬಗೆಬಗೆಯ ರಸಗಳನ್ನು ಮಾರುತ್ತಾನೆ, ಆದರೆ ಮದ್ಯವನ್ನು ಮುಟ್ಟುವುದಿಲ್ಲ. ಕೊಳ್ಳುವುದರಲ್ಲಿಯೂ ಮಾರುವುದರಲ್ಲಿಯೂ ಕಪಟವಿಲ್ಲ. ಯಾವ ಪ್ರಾಣಿಗೂ ಮನಸ್ಸಿನಿಂದಾಗಲಿ, ಮಾತಿನಿಂದಾಗಲಿ, ಕೃತಿಯಿಂದಾಗಲಿ ಕೇಡನ್ನು ಬಯಸುವುದಿಲ್ಲ.

ಈ ಕಥೆಯನ್ನು ಇಂದು ಸ್ಮರಿಸಲು ಕಾರಣವಿದೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಈಗ ಗೃಹಿಣಿಯರು ಮನೆಯಲ್ಲಿಯೇ ಕೇಕು, ಬಿಸ್ಕತ್ತು, ಬ್ರೆಡ್ಡು, ಬನ್ನುಗಳನ್ನು ತಯಾರಿಸಿ ಮಾರುತ್ತಿದ್ದಾರೆ. ಅಡಿಗೆಮನೆಯ ಮೂಲೆಯಲ್ಲೊಂದು ಸಣ್ಣ ಓವನ್, ಒಂದು ತೂಕದ ಯಂತ್ರ, ನಾಲ್ಕಾರು ಅಚ್ಚುಗಳು. ಇಷ್ಟರಿಂದಲೇ ಉದ್ಯಮ ಆರಂಭವಾಗುತ್ತದೆ. ಮಕ್ಕಳ ಶಾಲೆಯ ಶುಲ್ಕಕ್ಕೆ, ಮನೆಯ ಸಾಲದ ಕಂತಿಗೆ, ಅತ್ತೆ ಮಾವಂದಿರ ಔಷಧಕ್ಕೆ ಆ ಹಣ ಒದಗುತ್ತದೆ. ಇಂಥ ಸೋದರಿಯರು ದೇವಸ್ಥಾನಕ್ಕೆ ಬಂದಾಗ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಮನೆಯನ್ನು ನೋಡಿಕೊಂಡರೆ ಆರ್ಡರು ತಪ್ಪುತ್ತದೆ, ಆರ್ಡರು ನೋಡಿಕೊಂಡರೆ ದೇವರ ದೀಪ ತಪ್ಪುತ್ತದೆ. ಮೂರನ್ನೂ ಸರಿದೂಗಿಸುವುದು ಹೇಗೆ?"

ಪ್ರಶ್ನೆ ಲಘುವಾದದ್ದಲ್ಲ. ಅದರ ಹಿಂದೆ ನಿದ್ದೆಗೆಟ್ಟ ರಾತ್ರಿಗಳಿವೆ, ಮನೆಯವರ ಚುಚ್ಚುಮಾತುಗಳಿವೆ, ಧರ್ಮ ಕೈತಪ್ಪಿ ಹೋಗುತ್ತಿದೆಯೋ ಎಂಬ ನಿಜವಾದ ಭಯವಿದೆ. ಆದ್ದರಿಂದ ಇದನ್ನು ಸಾವಧಾನವಾಗಿ ವಿಚಾರ ಮಾಡೋಣ.

ಮೊದಲು ಹಿರಿಯರ ಆಕ್ಷೇಪವೊಂದನ್ನು ಎತ್ತಿಕೊಳ್ಳಬೇಕು. "ಅನ್ನವಿಕ್ರಯ ನಮಗೆ ಸಲ್ಲದು, ಬೇಯಿಸಿದ್ದನ್ನು ಮಾರಬಾರದು" ಎಂದು ಅವರು ಹೇಳುತ್ತಾರೆ. ಇದು ಬರಿಯ ಹಠದ ಮಾತಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಆಪತ್ಕಾಲದ ಜೀವನೋಪಾಯಗಳನ್ನು ಹೇಳುವಾಗ, ವ್ಯಾಪಾರಕ್ಕೆ ಇಳಿದ ಬ್ರಾಹ್ಮಣನು ಮಾರಬಾರದ ವಸ್ತುಗಳಲ್ಲಿ ಸಿದ್ಧಾನ್ನವನ್ನೂ ಸೇರಿಸಿದೆ. ಹಿರಿಯರು ಇದನ್ನು ನೆನಪಿಸಿದರೆ ಸಿಟ್ಟಾಗಬಾರದು. ಆದರೆ ಆ ನಿಷೇಧದ ಹೃದಯವೇನೆಂಬುದನ್ನೂ ನೋಡಬೇಕು. ಹಸಿದು ಬಂದವನಿಗೆ ಅನ್ನವನ್ನು ಇಕ್ಕಬೇಕಲ್ಲದೆ, ಅವನ ಹಸಿವಿಗೆ ಬೆಲೆ ಕಟ್ಟಬಾರದೆಂಬುದೇ ಅದರ ಭಾವವೆಂದು ನಮಗೆ ತೋರುತ್ತದೆ. ಅತಿಥಿಯ ಎಲೆಯ ಮುಂದೆ ಹಣದ ಮಾತು ಬರಬಾರದು. ಹುಟ್ಟುಹಬ್ಬದ ಸಂಭ್ರಮಕ್ಕಾಗಿ ಮಾಡಿಸಿಕೊಳ್ಳುವ ಕೇಕು ಹಸಿದವನ ತುತ್ತಲ್ಲ. ಆದರೂ ಶಾಸ್ತ್ರದ ಎಚ್ಚರಿಕೆ ವ್ಯರ್ಥವಾಗಬಾರದೆಂದಿದ್ದರೆ, ಬೇಯಿಸಿದ್ದರಲ್ಲಿ ಒಂದು ಪಾಲನ್ನು ಬೆಲೆಯಿಲ್ಲದೆ ಕೊಡುವ ನಿಯಮವನ್ನು ಇಟ್ಟುಕೊಳ್ಳುವುದು ಮೇಲು. ಮನೆಗೆಲಸದವಳ ಮಗುವಿಗೆ, ಬೀದಿ ಗುಡಿಸುವವರಿಗೆ, ಬಾಗಿಲಿಗೆ ಬಂದ ಅಂಚೆಯವನಿಗೆ ಅದು ಸಲ್ಲಲಿ. ಇದಕ್ಕೂ ಮೀರಿ ಮನಸ್ಸಿನಲ್ಲಿ ಸಂದೇಹ ಉಳಿದರೆ, ತಂತಮ್ಮ ಮಠದ ವಿದ್ವಾಂಸರನ್ನು ಕೇಳಿ ನಡೆದುಕೊಳ್ಳುವುದು ಶ್ರೇಯಸ್ಕರ.

ನಮ್ಮ ಜನ ಒಲೆಯನ್ನೇ ನಂಬಿ ಬದುಕಿದ್ದು ಇದೇ ಮೊದಲೂ ಅಲ್ಲ. ಉಡುಪಿ ಸೀಮೆಯ ಶಿವಳ್ಳಿ ಬ್ರಾಹ್ಮಣರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮದರಾಸು, ಮುಂಬಯಿ, ಬೆಂಗಳೂರುಗಳಿಗೆ ಹೋಗಿ ಹೋಟೆಲುಗಳನ್ನು ತೆರೆದರು. ಮಠದ ಪಾಕಶಾಲೆಯ ಶುಚಿಯನ್ನೂ ರುಚಿಯನ್ನೂ ಅವರು ಊರೂರಿಗೆ ಒಯ್ದರು. ಹಾಸನದ ಕಡೆಯ ಅಯ್ಯಂಗಾರ್ ಮನೆತನಗಳವರು ಬೆಂಗಳೂರಿನಲ್ಲಿ ಮೊಟ್ಟೆಯಿಲ್ಲದ ಬ್ರೆಡ್ಡು, ಬನ್ನು, ಕೇಕುಗಳ ಬೇಕರಿಗಳನ್ನು ನಡೆಸಿ, ಆಚಾರವಂತರೂ ಈ ಕಸುಬಿನಲ್ಲಿ ನಿಲ್ಲಬಹುದೆಂದು ತೋರಿಸಿದರು. ಇವರೆಲ್ಲ ಹೊಟ್ಟೆಪಾಡಿಗಾಗಿ ಹೊರಟವರೇ. ಆದರೆ ಯಾವುದನ್ನು ಮಾರುವುದಿಲ್ಲವೆಂಬ ಗೆರೆಯೊಂದನ್ನು ಮೊದಲೇ ಎಳೆದುಕೊಂಡಿದ್ದರು. ತುಲಾಧಾರನು ಮದ್ಯವನ್ನು ಮಾರಲಿಲ್ಲವೆಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು.

ಆ ಗೆರೆ ಇಂದಿನ ಗೃಹೋದ್ಯಮಕ್ಕೆ ಎಲ್ಲಿ ಬೀಳುತ್ತದೆ? ಮೊಟ್ಟೆಯ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. "ಮೊಟ್ಟೆ ಹಾಕಿ ಕೊಟ್ಟರೆ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇವೆ" ಎನ್ನುವ ಗಿರಾಕಿಗೆ ನಗುಮೊಗದಿಂದ ಇಲ್ಲವೆನ್ನಬೇಕು. ಡಿಸೆಂಬರಿನಲ್ಲಿ ಕೇಳುವ ಪ್ಲಮ್ ಕೇಕಿಗೆ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಸುವ ರೂಢಿಯಿದೆ. ಅದರ ಬದಲು ಕಿತ್ತಳೆಯ ರಸದಲ್ಲಿ ನೆನೆಸಿದರೆ ಹಣ್ಣು ಸೊಗಸಾಗಿಯೇ ಉಬ್ಬುತ್ತದೆ. ಕಣ್ಣಿಗೆ ಕಾಣದ ವಸ್ತುಗಳಲ್ಲಿ ಹೆಚ್ಚು ಎಚ್ಚರಿಕೆ ಬೇಕು. ಜೆಲಾಟಿನ್ ಎಂಬುದು ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದದ್ದು. ಅದರ ಸ್ಥಾನದಲ್ಲಿ ಸಮುದ್ರದ ಪಾಚಿಯಿಂದಾದ ಅಗರ್ ಅಗರ್ ಬಳಸಬಹುದು. ಕೆಲವು ಸುಗಂಧಸಾರಗಳಲ್ಲಿ ಮದ್ಯಸಾರವೇ ದ್ರಾವಕವಾಗಿರುತ್ತದೆ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಕೊಂಡುಕೊಳ್ಳುವುದು ಆಚಾರವಂತರಿಗೆ ತರವಲ್ಲ. ಹಸಿರು ಚುಕ್ಕೆಯ ಗುರುತು ನಮ್ಮ ದೇಶದಲ್ಲಿ ಸಸ್ಯಾಹಾರಕ್ಕೆ ಮೀಸಲು, ಮೊಟ್ಟೆಯಿದ್ದ ಪದಾರ್ಥಕ್ಕೆ ಆ ಗುರುತು ಸಲ್ಲುವುದಿಲ್ಲ. ಆದರೆ ಹಸಿರು ಚುಕ್ಕೆಯಿದ್ದ ಮಾತ್ರಕ್ಕೆ ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂದಲ್ಲ. ಇದನ್ನು ಮರೆಯಬಾರದು.

ಕೇಂದ್ರ ಸರ್ಕಾರದ 2006ರ ಆಹಾರ ಸುರಕ್ಷತಾ ಕಾಯಿದೆ ಹಾಗೂ 2011ರ ನಿಯಮಗಳಂತೆ ಮನೆಯಲ್ಲಿ ಮಾಡಿ ಮಾರುವವರೂ ತಮ್ಮ ಉದ್ಯಮವನ್ನು ನೋಂದಾಯಿಸಬೇಕು. "ನಮ್ಮದು ಸಣ್ಣದು, ಯಾರು ಕೇಳುತ್ತಾರೆ?" ಎಂದು ಉದಾಸೀನ ಮಾಡಬಾರದು. ಅರ್ಧ ಕಿಲೋ ಎಂದು ಬರೆದರೆ ಅದು ಅರ್ಧ ಕಿಲೋ ಇರಬೇಕು. ತುಪ್ಪವೆಂದು ಹೇಳಿದರೆ ತುಪ್ಪವೇ ಇರಬೇಕು, ವನಸ್ಪತಿ ಇರಬಾರದು. ನೆಂಟರಿಗೊಂದು ತೂಕ, ಅಪರಿಚಿತರಿಗೊಂದು ತೂಕ ಇರಬಾರದು. ತುಲಾಧಾರನ ಧರ್ಮವೆಂದರೆ ಇಷ್ಟೇ; ಜಾಜಲಿಯ ತಪಸ್ಸು ಎಟುಕದಿದ್ದುದೂ ಇದಕ್ಕೇ.

ಇನ್ನು ದೇವರ ಕಾರ್ಯದ ವಿಚಾರ. "ಮಾಡಿದ ಕೇಕನ್ನು ದೇವರಿಗೆ ನೈವೇದ್ಯ ಮಾಡಿ ಆಮೇಲೆ ಮಾರಬಹುದೇ?" ಎಂದು ಕೆಲವರು ಕೇಳುತ್ತಾರೆ. ಅವರ ಭಾವ ಒಳ್ಳೆಯದು. ಆದರೆ ನೈವೇದ್ಯಕ್ಕೆ ಸಂಪ್ರದಾಯದ ಕ್ರಮವೊಂದಿದೆ. ಮಡಿಯಲ್ಲಿ ಮಾಡಿದ, ಬಾಯಿಗೆ ಹಾಕಿ ನೋಡದ ಪದಾರ್ಥವೇ ಭಗವಂತನಿಗೆ ಅರ್ಪಿತವಾಗಬೇಕು. ಮಾರುವ ಪದಾರ್ಥವನ್ನಾದರೋ ರುಚಿ ನೋಡದೆ ಕೊಡಲಾಗದು. ಇವೆರಡನ್ನೂ ಒಂದುಗೂಡಿಸಲು ಹೋದರೆ ಎರಡೂ ಕೆಡುತ್ತವೆ. ಮಾರುವ ಕೇಕು ದೇವರ ಮನೆಗೆ ಬರಬೇಕಾಗಿಲ್ಲ. ದೇವರಿಗೆ ಒಪ್ಪಿಸಬೇಕಾದದ್ದು ಆ ದುಡಿಮೆಯನ್ನು, ಅದರಿಂದ ಬಂದ ಫಲವನ್ನು, ಅದರಲ್ಲಿ ತೋರಿದ ಪ್ರಾಮಾಣಿಕತೆಯನ್ನು. ನಾವು ಮಾಡುವುದೆಲ್ಲವೂ ತಿನ್ನುವುದೆಲ್ಲವೂ ಕೊಡುವುದೆಲ್ಲವೂ ತನಗೆ ಅರ್ಪಿತವಾಗಲೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಅರ್ಜುನನಿಗೆ ಹೇಳಿದ್ದಾನಲ್ಲವೇ? ಮಾಡುವುದೆಲ್ಲವೂ ಎಂದಮೇಲೆ ಹಿಟ್ಟು ಜರಡಿ ಹಿಡಿಯುವುದೂ ಅದರಲ್ಲಿ ಸೇರಿತು.

ಆದ್ದರಿಂದ ಒಂದೇ ಅಡಿಗೆಮನೆಯನ್ನು ಕಾಲದಿಂದ ಎರಡಾಗಿ ವಿಂಗಡಿಸಿಕೊಳ್ಳುವುದು ಉತ್ತಮ ಮಾರ್ಗ. ಬೆಳಗಿನ ಹೊತ್ತು ದೇವರ ಅಡಿಗೆಗೆ. ಪೂಜೆ, ನೈವೇದ್ಯ, ಹಸ್ತೋದಕ, ಮನೆಯವರ ಊಟ ಇವು ಮುಗಿದು, ಮುಸುರೆ ಬಳಿದು ಶುದ್ಧಿಯಾದ ಮೇಲೆ ಉದ್ಯಮದ ಪಾತ್ರೆಗಳು ಕೆಳಗಿಳಿಯಲಿ. ಆ ಪಾತ್ರೆ, ಸೌಟು, ಜರಡಿಗಳಿಗೆ ಬೇರೆ ಕಪಾಟೇ ಇರಲಿ. ಕಸುಬಿನ ದೃಷ್ಟಿಯಿಂದಲೂ ಇದು ಸರಿಯಾದದ್ದೇ. ಮೊಟ್ಟೆಯಿಲ್ಲದ ಕೇಕಿನಲ್ಲಿ ಮೊಸರಿನ ಹುಳಿಯೂ ಸೋಡವೂ ಕೂಡಿದಾಗ ಹುಟ್ಟುವ ಅನಿಲವೇ ಹಿಟ್ಟನ್ನು ಉಬ್ಬಿಸುತ್ತದೆ. ಕಲಸಿದ ಹಿಟ್ಟನ್ನು ಹಾಗೆಯೇ ಬಿಟ್ಟರೆ ಆ ಅನಿಲ ಹೊರಟುಹೋಗಿ ಕೇಕು ಗಟ್ಟಿಯಾಗುತ್ತದೆ. ಎಂದರೆ ಕಲಸಿದ ಹಿಟ್ಟೂ ಕಾಯುವುದಿಲ್ಲ, ಮಂಗಳಾರತಿಯ ಹೊತ್ತೂ ಕಾಯುವುದಿಲ್ಲ. ಎರಡನ್ನೂ ಒಟ್ಟಿಗೆ ಹಚ್ಚಿಕೊಂಡವರು ಆರತಿಯ ನಡುವೆ ಓವನ್ನಿನ ಗಂಟೆಗೆ ಕಿವಿಗೊಡುತ್ತಾರೆ. ಅಂಥ ಆರತಿಯಲ್ಲಿ ಬೆಳಗಿದ್ದು ಕರ್ಪೂರ ಮಾತ್ರ.

ಏಕಾದಶಿಯ ವಿಷಯದಲ್ಲಿ ಮಧ್ವಸಂಪ್ರದಾಯದ ನಿಷ್ಠೆ ಎಲ್ಲರಿಗೂ ತಿಳಿದದ್ದೇ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಈ ವ್ರತದ ಮಹಿಮೆಯನ್ನು ವಿಸ್ತಾರವಾಗಿ ಸಂಗ್ರಹಿಸಿ ಕೊಟ್ಟಿದ್ದಾರೆ. ಅಂದು ಧಾನ್ಯ ನಮಗೆ ವರ್ಜ್ಯ. ಮನೆಯಲ್ಲೆಲ್ಲ ಉಪವಾಸವಿದ್ದು, ಗೃಹಿಣಿಯೊಬ್ಬಳು ಇಡೀ ದಿನ ಗೋಧಿಯ ಹಿಟ್ಟಿನಲ್ಲಿ ಕೈಯಿಟ್ಟು, ಸಕ್ಕರೆ ಬೆಣ್ಣೆಗಳ ಪರಿಮಳದ ನಡುವೆ ಬಾಯಿ ಕಟ್ಟಿ ನಿಲ್ಲುವುದು ವ್ರತದ ಉದ್ದೇಶಕ್ಕೆ ಹೊಂದುವುದೇ? ಉಪವಾಸವೆಂದರೆ ಭಗವಂತನ ಸಮೀಪದಲ್ಲಿರುವುದು. ವರ್ಷಕ್ಕೆ 24 ಏಕಾದಶಿಗಳು, ಅಧಿಕಮಾಸ ಬಂದರೆ 26. ಈ ದಿನಗಳಲ್ಲಿ ಓವನ್ ಮುಚ್ಚಿರಲಿ. ಮರುದಿನ ದ್ವಾದಶಿಯಂದು ಪಾರಣೆಯಾದ ಮೇಲೆಯೇ ಕೆಲಸ ಆರಂಭವಾಗಲಿ. ಮಂಗಳವಾರ ಕ್ಷೌರದಂಗಡಿ ಮುಚ್ಚಿದ್ದರೆ ಯಾರಾದರೂ ಕೋಪಿಸಿಕೊಳ್ಳುತ್ತಾರೆಯೇ? "ಏಕಾದಶಿಯಂದು ನಮ್ಮಲ್ಲಿ ತಯಾರಿಕೆ ಇಲ್ಲ" ಎಂದು ಮೊದಲೇ ತಿಳಿಸಿದರೆ ಗಿರಾಕಿಗಳೂ ಒಗ್ಗಿಕೊಳ್ಳುತ್ತಾರೆ. ಅಂದೇ ಹುಟ್ಟುಹಬ್ಬವಿದ್ದವರಿಗೆ ದಶಮಿಯ ಸಂಜೆಯೇ ಕೊಟ್ಟುಬಿಡಬಹುದು. ಇದಕ್ಕೆ ಬೇಕಾದದ್ದು ಒಂದೇ: ಆರ್ಡರು ಬರೆಯುವ ಪುಸ್ತಕದ ಪಕ್ಕದಲ್ಲಿ ಮಠದ ಪಂಚಾಂಗ ಇರಬೇಕು. ಆರ್ಡರು ಒಪ್ಪಿಕೊಂಡ ಮೇಲೆ ಪಂಚಾಂಗ ನೋಡುವವರಿಗೆ ಮನಃಕ್ಲೇಶ ತಪ್ಪದು. ಮೊದಲೇ ನೋಡುವವರಿಗೆ ಕ್ಲೇಶದ ಮಾತೇ ಇಲ್ಲ.

ಚಾತುರ್ಮಾಸ್ಯದ ನಾಲ್ಕು ತಿಂಗಳು ಇದಕ್ಕಿಂತ ಸೂಕ್ಷ್ಮವಾದವು. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ಕ್ರಮವಾಗಿ ತರಕಾರಿ, ಮೊಸರು, ಹಾಲು, ಬೇಳೆಕಾಳುಗಳನ್ನು ಬಿಡುತ್ತೇವೆ. ಶಾಕವ್ರತದಲ್ಲಿ ಕ್ಯಾರೆಟ್ಟಿನ ಕೇಕನ್ನು, ದಧಿವ್ರತದಲ್ಲಿ ಮೊಸರು ಹಾಕಿದ್ದನ್ನು, ಕ್ಷೀರವ್ರತದಲ್ಲಿ ಹಾಲು ಹಾಕಿದ್ದನ್ನು, ದ್ವಿದಳವ್ರತದಲ್ಲಿ ಕಡಲೆಹಿಟ್ಟಿನ ಬಿಸ್ಕತ್ತನ್ನು ಮಾಡಿದವಳೇ ಬಾಯಿಗೆ ಹಾಕಿ ನೋಡುವಂತಿಲ್ಲ. ವ್ರತವನ್ನು ಬಿಡುವುದೋ, ಕಸುಬನ್ನು ಬಿಡುವುದೋ? ಎರಡೂ ಬೇಡ. ದಧಿವ್ರತದಲ್ಲಿ ಮಜ್ಜಿಗೆಗೆ ನಿಷೇಧವಿಲ್ಲವೆಂಬ ರೂಢಿ ಅನೇಕ ಮನೆಗಳಲ್ಲಿದೆ. ಸೋಡಕ್ಕೆ ಬೇಕಾದ ಹುಳಿ ಮಜ್ಜಿಗೆಯಲ್ಲಿಯೂ ಇದೆ. ಕ್ಷೀರವ್ರತದ ಹೊತ್ತಿಗೆ ಮೊಸರು ಮತ್ತೆ ಸಲ್ಲುತ್ತದೆ. ಉಳಿದವನ್ನು ವ್ರತ ಹಿಡಿಯದ ನೆರೆಮನೆಯವರಿಂದಲೋ ಮಕ್ಕಳಿಂದಲೋ ರುಚಿ ನೋಡಿಸಬಹುದು. ಅಳತೆಯನ್ನು ಸರಿಯಾಗಿ ಬರೆದಿಟ್ಟುಕೊಂಡವರಿಗೆ ಪ್ರತಿಸಲವೂ ನಾಲಗೆಯ ಸಾಕ್ಷಿ ಬೇಕಾಗುವುದಿಲ್ಲ. ಕೈಯಲ್ಲಿರುವ ಸಿಹಿಯನ್ನು ಬಾಯಿಗೆ ಹಾಕದೆ ಇನ್ನೊಬ್ಬರ ಸಂತೋಷಕ್ಕಾಗಿ ಸಿದ್ಧಪಡಿಸುವುದೂ ಒಂದು ವ್ರತವೇ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಧನುರ್ಮಾಸದಲ್ಲಿ ಒದಗುತ್ತದೆ. ಡಿಸೆಂಬರ್ 16ರ ಸುಮಾರಿಗೆ ಆರಂಭವಾಗಿ ಮಕರಸಂಕ್ರಮಣದವರೆಗಿನ ಈ ತಿಂಗಳಲ್ಲಿ ಅರುಣೋದಯಕಾಲದ ಪೂಜೆಯೇ ಪ್ರಶಸ್ತ. ನಕ್ಷತ್ರಗಳು ಮಾಸುವ ಮೊದಲೇ ಹುಗ್ಗಿಯ ನೈವೇದ್ಯವಾಗಬೇಕು. ವರ್ಷದ ಎಲ್ಲ ತಿಂಗಳುಗಳಿಗಿಂತ ಹೆಚ್ಚು ಕೇಕಿಗೆ ಬೇಡಿಕೆ ಬರುವುದೂ ಇದೇ ತಿಂಗಳಲ್ಲಿ. ಕ್ರಿಸ್ಮಸ್, ಹೊಸ ವರ್ಷ ಎರಡೂ ಇದರೊಳಗೇ ಬೀಳುತ್ತವೆ. ರಾತ್ರಿ ಒಂದು ಗಂಟೆಯವರೆಗೆ ಓವನ್ನಿನ ಮುಂದೆ ನಿಂತವಳು ನಾಲ್ಕು ಗಂಟೆಗೆ ಸ್ನಾನ ಮಾಡಿ ಹುಗ್ಗಿಗೆ ಇಡುವುದು ಹೇಗೆ? ಎರಡು ದಿನ ನಡೆದೀತು, ಮೂರನೆಯ ದಿನ ದೇಹ ಬೀಳುತ್ತದೆ, ನಾಲ್ಕನೆಯ ದಿನ ಮಾತು ಸಿಡುಕಾಗುತ್ತದೆ.

ಇಲ್ಲಿ ಲೆಕ್ಕವೇ ದಾರಿ ತೋರಿಸಬೇಕು. ಅರ್ಧ ಕಿಲೋ ಕೇಕು ಬೇಯಲು 35ರಿಂದ 40 ನಿಮಿಷ, ತಣಿಯಲು ಒಂದು ತಾಸು, ಸಿಂಗರಿಸಲು ಇನ್ನೊಂದು ತಾಸು ಬೇಕು. ಅದನ್ನು ಅವಸರಪಡಿಸಲಾಗದು. ಬಿಸಿ ಆರದ ಕೇಕಿನ ಮೇಲೆ ಕೆನೆ ಬಳಿದರೆ ಕರಗಿ ಹರಿಯುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಎಷ್ಟು ಸಾಧ್ಯವೋ ಅಷ್ಟನ್ನು ಮಾತ್ರ ಒಪ್ಪಿಕೊಂಡು, ಸಂಜೆಯ ದೀಪ ಹಚ್ಚುವ ಹೊತ್ತಿಗೆ ಕೈ ತೊಳೆದುಬಿಡಬೇಕು. ವಾರಗಟ್ಟಲೆ ಕೆಡದ ಬಿಸ್ಕತ್ತುಗಳನ್ನು ಧನುರ್ಮಾಸಕ್ಕೆ ಮೊದಲೇ ಮಾಡಿ ಡಬ್ಬಿಗೆ ತುಂಬಿಡಬಹುದು. ಮಿಕ್ಕ ಆರ್ಡರುಗಳನ್ನು ಅದೇ ಕೆಲಸ ಮಾಡುವ ಇನ್ನೊಬ್ಬ ಸೋದರಿಗೆ ಒಪ್ಪಿಸಿದರೆ ಅದರಿಂದ ನಷ್ಟವೇನು? ಅವಳ ಮನೆಯ ಒಲೆಯೂ ಉರಿಯಬೇಕಲ್ಲವೇ? ಬಂದದ್ದನ್ನೆಲ್ಲ ಬಾಚಿಕೊಳ್ಳುವ ಆಸೆಗೆ "ಸಾಕು" ಎಂದು ಹೇಳುವುದು ಇಂದಿನ ಗೃಹಿಣಿಗೆ ಒದಗಿದ ತಪಸ್ಸು. ಜಾಜಲಿಯಂತೆ ಅಲುಗದೆ ನಿಲ್ಲಬೇಕಾದದ್ದು ಇಲ್ಲಿಯೇ.

ಶ್ರೀಮಧ್ವಾಚಾರ್ಯರ ಸಿದ್ಧಾಂತವು ಈ ವಿಷಯದಲ್ಲಿ ನಮಗೆ ದೊಡ್ಡ ಆಸರೆ. ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಆಚಾರ್ಯರು ಹೇಳಲಿಲ್ಲ, ಅದು ಸ್ವತಂತ್ರವೆಂದೂ ಹೇಳಲಿಲ್ಲ. ಜೀವನು ನಿಜವಾಗಿಯೂ ಮಾಡುತ್ತಾನೆ. ಆದರೆ ಶ್ರೀಹರಿಯ ಅಧೀನನಾಗಿ ಮಾಡುತ್ತಾನೆ. ಸ್ವತಂತ್ರನು ಅವನೊಬ್ಬನೇ. ಮಾಡುವವಳು ನೀನೇ ಆದ್ದರಿಂದ ಅಳತೆಯಲ್ಲಿ, ಶುಚಿಯಲ್ಲಿ, ಹೊತ್ತಿನಲ್ಲಿ ಅಲಕ್ಷ್ಯ ಸಲ್ಲದು. ಮಾಡಿಸುವವನು ಅವನಾದ್ದರಿಂದ ಕೇಕು ಚೆನ್ನಾಗಿ ಉಬ್ಬಿದಾಗ ಬೀಗಬೇಕಾಗಿಲ್ಲ, ನಡು ಕುಸಿದಾಗ ಕುಗ್ಗಿ ಅಳಬೇಕಾಗಿಯೂ ಇಲ್ಲ. ಜಗನ್ನಾಥದಾಸರು ಹರಿಕಥಾಮೃತಸಾರದ ಭೋಜನರಸವಿಭಾಗ ಸಂಧಿಯಲ್ಲಿ ನಾವು ಉಣ್ಣುವ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ರೂಪವನ್ನು ಚಿಂತಿಸುವ ಕ್ರಮವನ್ನು ತಿಳಿಸಿದ್ದಾರೆ. ಹಾಲು, ಮೊಸರು, ತುಪ್ಪಗಳನ್ನು ದಿನವೂ ಕೈಯಲ್ಲಿ ಹಿಡಿಯುವವಳಿಗೆ ಈ ಅನುಸಂಧಾನಕ್ಕೆ ಬೇರೆ ಸಮಯ ಬೇಕಾಗಿಲ್ಲ. ಹಿಟ್ಟು ನಾದುವಾಗ ವಾದಿರಾಜರ ಲಕ್ಷ್ಮೀಶೋಭಾನೆಯನ್ನೋ ಹರಿದಾಸರ ಪದವನ್ನೋ ಹೇಳಿಕೊಂಡರೆ ಕೈಗೂ ಲಯ ಸಿಕ್ಕುತ್ತದೆ, ಮನಸ್ಸಿಗೂ ನೆಲೆ ಸಿಕ್ಕುತ್ತದೆ. ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಮಾಡಿದ್ದು ಇದನ್ನೇ ಅಲ್ಲವೇ?

ಮನೆಯ ಗಂಡಸರಿಗೆ ಈಗ ಒಂದು ಮಾತು. ಹೆಂಡತಿಯ ಗಳಿಕೆಯಿಂದ ಕಂತು ಕಟ್ಟುವುದಕ್ಕೆ ಸಂಕೋಚವಿಲ್ಲದವರಿಗೆ ದೇವರ ಪಾತ್ರೆ ತೊಳೆಯುವುದಕ್ಕೆ ಸಂಕೋಚವೇಕೆ? ಗಂಧ ತೇಯುವುದು, ಹೂ ತುಳಸಿ ತರುವುದು, ನೀರು ತುಂಬುವುದು, ದೇವರ ಮನೆಯನ್ನು ಸಾರಿಸುವುದು ಇವು ಯಾವುವೂ ಹೆಂಗಸರಿಗೆಂದೇ ಶಾಸ್ತ್ರ ಗೊತ್ತುಮಾಡಿದ ಕೆಲಸಗಳಲ್ಲ. ಸಂಧ್ಯಾವಂದನೆಯನ್ನೂ ದೇವಪೂಜೆಯನ್ನೂ ತಾವು ಹೊತ್ತಿಗೆ ಸರಿಯಾಗಿ ನಡೆಸಿದರೆ ಗೃಹಿಣಿಯ ಅರ್ಧ ಆತಂಕ ತಾನೇ ಕಳೆಯುತ್ತದೆ. ತಾವು ಪೂಜೆಯನ್ನು ಬಿಟ್ಟು, ಮನೆಯಲ್ಲಿ ಧರ್ಮ ಕಡಿಮೆಯಾಯಿತೆಂದು ಅವಳ ಓವನ್ನನ್ನು ದೂರುವುದು ನ್ಯಾಯವಲ್ಲ.

ಅತ್ತೆಯವರಿಗೂ ಸೊಸೆಯಂದಿರಿಗೂ ಹೇಳಬೇಕಾದದ್ದಿದೆ. ಅವಳು ಮಾಡುವುದು ಮೈಲಿಗೆಯ ಕೆಲಸವೆಂದು ಬೆಳಿಗ್ಗೆ ಹಳಿದು, ಅದೇ ಹಣದಿಂದ ಬಂದ ಔಷಧವನ್ನು ಸಂಜೆ ಸೇವಿಸುವುದು ಹಿರಿತನಕ್ಕೆ ಒಪ್ಪುವುದಿಲ್ಲ. ಹಾಗೆಯೇ ಮಡಿಯೆಂಬುದು ಅತ್ತೆಯ ಕಾಟವೆಂದು ತಿಳಿಯುವ ಸೊಸೆಯೂ ಯೋಚಿಸಬೇಕು. ಕೈ ತೊಳೆಯುವುದು, ಪಾತ್ರೆ ಬೇರೆ ಇಡುವುದು, ಕೂದಲು ಕಟ್ಟಿಕೊಳ್ಳುವುದು, ಎಂಜಲಿನ ಚಮಚೆಯನ್ನು ಮತ್ತೆ ಹಿಟ್ಟಿಗೆ ಅದ್ದದಿರುವುದು, ಇವನ್ನೆಲ್ಲ ಇಂದಿನ ಆಹಾರದ ನಿಯಮಗಳೂ ಕೇಳುತ್ತವೆ. ಮಡಿಯಲ್ಲಿ ಬೆಳೆದ ಹೆಣ್ಣುಮಗಳಿಗೆ ಅದು ಹೊಸ ಪಾಠವೇನಲ್ಲ. ಈ ಕಸುಬಿನಲ್ಲಿ ಅವಳಿಗೆ ಸಿಕ್ಕಿರುವ ಹಿರಿಯರ ಆಸ್ತಿ ಅದು.

ಮಕ್ಕಳ ಮಾತಂತೂ ಮರೆಯಬಾರದ್ದು. ಮನೆ ತುಂಬ ಏಲಕ್ಕಿ, ವೆನಿಲ್ಲಾದ ಪರಿಮಳ ಹರಡಿರುತ್ತದೆ. ಶಾಲೆಯಿಂದ ಬಂದ ಮಗು, "ಅಮ್ಮಾ, ನನಗೊಂದು ಚೂರು" ಎನ್ನುತ್ತದೆ. "ಮುಟ್ಟಬೇಡ, ಅದು ಗಿರಾಕಿಯದು" ಎಂಬ ಉತ್ತರ ಬರುತ್ತದೆ. ಒಂದು ದಿನ ಸರಿ, ದಿನವೂ ಇದೇ ಉತ್ತರವಾದರೆ ಮನೆಯ ಸಿಹಿಯೆಲ್ಲ ಪರರದೆಂದು ಆ ಮಗು ತಿಳಿಯುತ್ತದೆ. ತಮಗಾಗಿಯೇ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆಂದು ಗೀತೆಯ ಮೂರನೆಯ ಅಧ್ಯಾಯ ಎಚ್ಚರಿಸುತ್ತದೆ. ಹಣಕ್ಕಾಗಿಯೇ ಬೇಯಿಸುವವರ ಮನೆಯಲ್ಲಿಯೂ ಹಸಿವು ಉಳಿಯುತ್ತದೆಂದು ನಾವು ಅರಿತುಕೊಳ್ಳಬೇಕು. ಪ್ರತಿ ವಾರವೂ ಒಂದು ಅಚ್ಚು ಮನೆಯ ಮಕ್ಕಳ ಹೆಸರಿನಲ್ಲಿ ಬೇಯಲಿ. ಅವರ ಹುಟ್ಟಿದ ತಿಥಿಯಂದು ಆರತಿ, ಪಾಯಸ, ಹಿರಿಯರಿಗೆ ನಮಸ್ಕಾರ ಇವೆಲ್ಲ ಮೊದಲಿನಂತೆಯೇ ನಡೆಯಲಿ. ಸಂಜೆಯ ಸ್ತೋತ್ರದ ಕಾಲುಗಂಟೆಯಲ್ಲಿ ದೂರವಾಣಿ ಮೌನವಾಗಿರಲಿ. ದೀಪದ ಮುಂದೆ ತಾಯಿ ಕುಳಿತದ್ದನ್ನು ಕಂಡ ಮಗು ಅದನ್ನು ಅರುವತ್ತು ವರ್ಷ ನೆನಪಿಡುತ್ತದೆ. ಆ ತಿಂಗಳು ಎಷ್ಟು ಕೇಕು ಮಾರಾಟವಾಯಿತೆಂಬುದು ಯಾರ ನೆನಪಿನಲ್ಲಿಯೂ ಉಳಿಯದು.

ಬಂದ ಲಾಭದ ವಿನಿಯೋಗಕ್ಕೂ ಒಂದು ಕ್ರಮ ಬೇಕು. ಭಾಗವತದ ಎಂಟನೆಯ ಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಚಕ್ರವರ್ತಿಗೆ ವಿತ್ತವನ್ನು ಐದು ಪಾಲು ಮಾಡಬೇಕೆಂದು ಹೇಳುತ್ತಾರೆ. ಧರ್ಮಕ್ಕೊಂದು, ಕೀರ್ತಿಗೊಂದು, ಸಂಪತ್ತಿನ ವೃದ್ಧಿಗೊಂದು, ಭೋಗಕ್ಕೊಂದು, ಸ್ವಜನರಿಗೊಂದು. ಸಾಕ್ಷಾತ್ ವಾಮನನೇ ಬಾಗಿಲಲ್ಲಿ ನಿಂತಿದ್ದಾಗ ದಾನವನ್ನು ತಪ್ಪಿಸಲು ಆ ಮಾತನ್ನಾಡಿದ್ದು ಶುಕ್ರರ ದೋಷ. ಆದರೆ ದಿನನಿತ್ಯದ ಗೃಹಸ್ಥನಿಗೆ ಆ ವಿಭಾಗ ಉಪಯುಕ್ತವಾದದ್ದೇ. ತಿಂಗಳಿಗೆ 10,000 ರೂಪಾಯಿ ಉಳಿದರೆ 2,000 ಧರ್ಮಕ್ಕೆಂದು ಮೊದಲೇ ತೆಗೆದಿಡಲಿ. ಇನ್ನೊಂದು ಪಾಲು ಒಳ್ಳೆಯ ಸಾಮಗ್ರಿಗೆ, ಉಪಕರಣಕ್ಕೆ ಹೋಗಲಿ. ಸ್ವಜನರ ಪಾಲಿನಲ್ಲಿ ಗೃಹಿಣಿಯ ಹೆಸರಿನ ಉಳಿತಾಯವೂ ಸೇರಲಿ. ಅವಳ ದುಡಿಮೆಗೆ ಬೆಲೆಯಿಲ್ಲವೆಂಬಂತೆ ಹಿಟ್ಟು ಸಕ್ಕರೆಗಳ ಖರ್ಚನ್ನಷ್ಟೇ ಲೆಕ್ಕಹಾಕಿ ಮಾರುವುದೂ ಒಂದು ಬಗೆಯ ಕಳ್ಳತೂಕವೇ. ಅಲ್ಲಿ ಮೋಸಹೋಗುವವಳು ಮಾಡಿದವಳೇ.

ಪುರಂದರದಾಸರು ವ್ಯಾಪಾರದ ಅಪಾರ ಸಂಪತ್ತನ್ನು ತೊರೆದು ಹರಿದಾಸರಾದ ಸಂಗತಿಯನ್ನು ನಮ್ಮ ಪರಂಪರೆ ಭಕ್ತಿಯಿಂದ ಹೇಳಿಕೊಂಡು ಬಂದಿದೆ. ಅದನ್ನು ಕೇಳಿ, "ನಾವೂ ಎಲ್ಲವನ್ನೂ ಬಿಟ್ಟರೆ ಮಾತ್ರ ಭಕ್ತರೇ?" ಎಂದು ಕೆಲವರು ಕುಗ್ಗುತ್ತಾರೆ. ದಾಸರ ಯೋಗ್ಯತೆ ದಾಸರದು. ಯೋಗ್ಯತೆಯಲ್ಲಿ ತಾರತಮ್ಯವನ್ನು ಒಪ್ಪುವ ನಮಗೆ, ಎಲ್ಲರಿಗೂ ಒಂದೇ ದಾರಿಯೆಂದು ಹಟ ಹಿಡಿಯಬೇಕಾದ ಅಗತ್ಯವಿಲ್ಲ. ತುಲಾಧಾರನು ಅಂಗಡಿಯನ್ನು ಬಿಡಲಿಲ್ಲ, ತಕ್ಕಡಿಯನ್ನು ಸರಿಯಾಗಿ ಹಿಡಿದನು. ಬಿಡುವ ಯೋಗ್ಯತೆ ಬಂದವರು ಬಿಡುತ್ತಾರೆ. ಹಿಡಿದಿರುವವರು ಸರಿಯಾಗಿ ಹಿಡಿಯುವುದನ್ನು ಕಲಿಯೋಣ.

ಕೊನೆಯದಾಗಿ, ಮನೆ, ಉದ್ಯಮ, ದೇವರು ಈ ಮೂರನ್ನೂ ಸರಿದೂಗಿಸುವುದು ಹೇಗೆಂದು ಕೇಳುವ ಪ್ರಶ್ನೆಯಲ್ಲಿಯೇ ಒಂದು ತೊಡಕಿದೆ. ತಕ್ಕಡಿಗೆ ಇರುವುದು ಎರಡೇ ತಟ್ಟೆ. ಒಂದರಲ್ಲಿ ಮನೆ, ಇನ್ನೊಂದರಲ್ಲಿ ಉದ್ಯಮ. ಮಗುವಿಗೆ ಜ್ವರ ಬಂದ ದಿನ ಒಂದು ತಟ್ಟೆ ಇಳಿಯುತ್ತದೆ, ಮದುವೆಯ ಆರ್ಡರು ಬಂದ ದಿನ ಇನ್ನೊಂದು ಇಳಿಯುತ್ತದೆ. ಹಾಗೆ ಏರಿಳಿಯುವುದು ತಟ್ಟೆಯ ಸ್ವಭಾವ, ಅದಕ್ಕೆ ಅಂಜಬೇಕಾಗಿಲ್ಲ. ಆದರೆ ದೇವರನ್ನು ಮೂರನೆಯ ತಟ್ಟೆಯಾಗಿಸಿ, ಅವನಿಗೆಷ್ಟು ಹೊತ್ತು, ಇದಕ್ಕೆಷ್ಟು ಹೊತ್ತು ಎಂದು ತೂಗಲು ಹೊರಟರೆ ತೂಕ ಎಂದಿಗೂ ಸರಿಹೋಗದು. ಶ್ರೀಹರಿಯು ತಕ್ಕಡಿಯನ್ನೇ ಎತ್ತಿ ಹಿಡಿದವನು. ಹಿಡಿದವನನ್ನು ಮರೆಯದಿದ್ದರೆ ತಟ್ಟೆಗಳು ಎಷ್ಟು ತೂಗಾಡಿದರೂ ಮುಳ್ಳು ಮತ್ತೆ ನಡುವಿಗೆ ಬಂದು ನಿಲ್ಲುತ್ತದೆ. ಪಂಚಾಂಗ ನೋಡಿ ಆರ್ಡರು ಬರೆಯುವುದು, ದೀಪದ ಹೊತ್ತಿಗೆ ಕೈ ತೊಳೆಯುವುದು, ಒಂದು ಪಾಲನ್ನು ಬೆಲೆಯಿಲ್ಲದೆ ಕೊಡುವುದು, ಸಾಕೆನ್ನುವುದು ಎಲ್ಲವೂ ಅವನನ್ನು ಮರೆಯದಿರುವ ಉಪಾಯಗಳು.

ನಮ್ಮ ಸೋದರಿಯರ ಒಲೆಗಳು ಆರದಿರಲಿ, ದೇವರ ಮನೆಯ ದೀಪಗಳೂ ಆರದಿರಲಿ. ಅವರ ದುಡಿಮೆಗೆ ಮುಖ್ಯಪ್ರಾಣನು ಬಲವನ್ನು ಕೊಡಲಿ. ಶ್ರೀಲಕ್ಷ್ಮೀದೇವಿಯು ಅವರ ಮನೆಗಳಲ್ಲಿ ಶ್ರೀಹರಿಯೊಡನೆ ನೆಲೆಸಲೆಂದು ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು.